ಉಲ್ಕೆಗೆ ಉಂಟು, ಪಾಚಿಗೆ ಇಲ್ಲ

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಕಡಲಲ್ಲಿ ವಿಷದ ಪಾಚಿ ಹಬ್ಬಿದ ಕಥೆ ನೀವು ಕೇಳಿರಬಹುದು. 2025ರ ಮಾರ್ಚ್‌ನಲ್ಲಿ ವೈಟ್‌ಪಿಂಗಾ ಬೀಚಿಗೆ ಸರ್ಫಿಂಗ್‌ಗೆ ಹೋದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ವಾಪಸ್ ಬಂದರಲ್ಲ, ಅದೇ. ದಡದ ತುಂಬಾ ಹಳದಿ ನೊರೆ. ಆಮೇಲೆ ಸತ್ತ ಮೀನು, ಶಾರ್ಕ್, ಏಡಿ.

ನನ್ನ ತಕರಾರು ಪಾಚಿ ಮೇಲಲ್ಲ, ಒಂದು ಪಟ್ಟಿಯ ಮೇಲೆ. ‘ಇದನ್ನು ನೈಸರ್ಗಿಕ ವಿಕೋಪ ಅಂತ ಘೋಷಿಸಿ’ ಎಂದು ಅಲ್ಲಿಯ ಜನ ಕೇಳಿಕೊಂಡರು. ಜುಲೈನಲ್ಲಿ ರಾಜಧಾನಿ ಕ್ಯಾನ್‌ಬೆರಾದ ಕೇಂದ್ರ ಸರ್ಕಾರದಿಂದ ಉತ್ತರ ಬಂತು: ಆಗಲ್ಲ, ನಿಯಮದ ವ್ಯಾಖ್ಯೆಯೊಳಗೆ ಇದು ಬರಲ್ಲ. ಸರಿ, ಆ ವ್ಯಾಖ್ಯೆಯಲ್ಲಿ ಏನೇನಿದೆ ನೋಡೋಣ ಅಂದುಕೊಂಡೆ. ಕಾಳ್ಗಿಚ್ಚು, ಭೂಕಂಪ, ನೆರೆ, ಚಂಡಮಾರುತ, ಭೂಕುಸಿತ, ಸುನಾಮಿ. ಜೊತೆಗೆ ಉಲ್ಕೆ ಬಡಿಯುವುದು!

ಇದನ್ನು ಬರೆದ ಪುಣ್ಯಾತ್ಮನಿಗೆ ದೊಡ್ಡ ನಮಸ್ಕಾರ. ಎಂಥ ದೂರದೃಷ್ಟಿ! ಕೋಟಿಗಟ್ಟಲೆ ಮೈಲಿ ಆಚೆಯಿಂದ ಬರುವ ಕಲ್ಲು ಕಂಡಿದೆ, ಕಾಲ ಬುಡದ ಸಮುದ್ರ ಕಂಡಿಲ್ಲ. ಮೀನುಗಾರರು ಇನ್ನು ರಾತ್ರಿ ಬಲೆ ಬಿಟ್ಟು ಆಕಾಶ ನೋಡುತ್ತಾ ಕೂರುವುದೇ ವಾಸಿ. ಕಡಲೆ ಗಾತ್ರದ್ದಾದರೂ ಒಂದು ಉಲ್ಕೆ ಕೊಲ್ಲಿಗೆ ಬಿದ್ದರೆ ಸಾಕು, ಪರಿಹಾರಕ್ಕೆ ಅರ್ಜಿ ಹಾಕಬಹುದು. ಆಗ ಅಧಿಕಾರಿಗಳು ಬಂದು ಒಂದೊಂದೇ ಮೀನು ಎತ್ತಿ ನೋಡುತ್ತಾರೆ: ಇದು ಉಲ್ಕೆ ಬಡಿದು ಸತ್ತದ್ದಾ, ಸುಮ್ನೆ ಪಾಚಿಯಿಂದ ಸತ್ತದ್ದಾ?

ಕರೇನಿಯಾ ಅನ್ನುವ ಈ ಪಾಚಿ ಮಾಡಿದ ತಪ್ಪೇನು ಅಂದರೆ, ಅದು ಸದ್ದು ಮಾಡಲಿಲ್ಲ. ಒಂದೇ ಜೀವಕೋಶದ ಜೀವಿ. ಮನೆಯ ಮಾಡು ಹಾರಿಸಲ್ಲ, ಸೇತುವೆ ಮುರಿಯಲ್ಲ. ಮೀನಿನ ಕಿವಿರು ಕೆಡಿಸುತ್ತದೆ ಅಷ್ಟೇ. ಟಿವಿಯವರಿಗೂ ಬೇಜಾರು.

ಇಲ್ಲೊಂದು ತಮಾಷೆ ಇದೆ. ವಿಜ್ಞಾನಿಗಳು ಮುಂದಿಟ್ಟ ಕಾರಣ ಮೂರು. 2022-23ರ ಮರ್ರೆ ನದಿಯ ನೆರೆ ಸಾರಜನಕ, ರಂಜಕ ಎಲ್ಲ ಹೊತ್ತು ತಂದು ಸಮುದ್ರಕ್ಕೆ ಸುರಿಯಿತು. ಆಮೇಲೆ ಆಳದಿಂದ ತಣ್ಣನೆಯ, ಪೋಷಕಾಂಶ ಜಾಸ್ತಿ ಇರುವ ನೀರು ಮೇಲೆದ್ದಿತು. 2024ರ ಸೆಪ್ಟೆಂಬರ್‌ನಿಂದ ಸಮುದ್ರ ಮಾಮೂಲಿಗಿಂತ ಸುಮಾರು 2.5 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಊಟ ಬಡಿಸಿ, ನೀರು ಕಾಯಿಸಿ ಕೊಟ್ಟರೆ ಯಾವ ನೆಂಟ ಬೇಗ ಹೊರಡುತ್ತಾನೆ? ಈಗ ಪಟ್ಟಿ ಮತ್ತೆ ನೋಡಿ. ನೆರೆ ಅದರಲ್ಲಿದೆ. ನೆರೆ ತಂದದ್ದನ್ನು ಉಂಡು ಬೆಳೆದದ್ದು ಇಲ್ಲ. ತಾಯಿಗೆ ರೇಷನ್ ಕಾರ್ಡ್ ಉಂಟು, ಮಗುವಿನ ಹೆಸರು ಸೇರಿಸಿಲ್ಲ.

ಚೀನಾದವರು ವ್ಯಾಖ್ಯೆ ಗೀಖ್ಯೆ ಅಂತ ಕೂರಲಿಲ್ಲ ಬಿಡಿ. 2008ರ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗೆ ಮುಂಚೆ ಚಿಂಗ್‌ಡಾವ್‌ನಲ್ಲಿ ಸೈನಿಕರನ್ನೇ ಇಳಿಸಿ ಹಸಿರು ಪಾಚಿ ಬಾಚಿಸಿದರು. ಪದಕ ಹಂಚಿ ಮುಗಿಯಿತು. ಮುಂದಿನ ಬೇಸಿಗೆಗೆ ಪಾಚಿ ಮತ್ತೆ ಹಾಜರು.

ಪಾಪ, ಕ್ಯಾನ್‌ಬೆರಾದವರು ಬರಿಗೈಯಲ್ಲಿ ಕಳಿಸಲಿಲ್ಲ. 1 ಕೋಟಿ 40 ಲಕ್ಷ ಡಾಲರ್ ಕೊಟ್ಟರು. ಆದರೆ ನೈಸರ್ಗಿಕ ವಿಕೋಪದ ಹೆಸರಲ್ಲಿ ಕೊಡಲಿಲ್ಲ. ಕಾರಣ ಕೇಳಿದರೆ ಎಲ್ಲ ಕಡೆಯೂ ‘ಇದೆಲ್ಲ ಪ್ರಕೃತಿ ಸಹಜ’ ಅನ್ನುತ್ತಾರೆ. ದುಡ್ಡು ಕೇಳಿದಾಗ ಮಾತ್ರ ಪ್ರಕೃತಿಗೆ ಸಂಬಂಧವೇ ಇಲ್ಲ.

ಆ ರಾಜ್ಯದ ಲಾಂಛನದ ಮೀನು ಲೀಫಿ ಸೀಡ್ರಾಗನ್. ಮೈಯೆಲ್ಲ ಎಲೆ ಎಲೆ. ಕಡಲಕಳೆಯ ನಡುವೆ ಯಾರ ಕಣ್ಣಿಗೂ ಬೀಳದ ಹಾಗೆ ಬದುಕುವ ಜೀವಿ. ಅವೂ ಸತ್ತು ದಡಕ್ಕೆ ಬಂದವು, ನೊರೆ ಮೆತ್ತಿಕೊಂಡು, ಎಲೆ ಮುದುಡಿ. ನಗು ಬರುತ್ತಿಲ್ಲ ಮಾರಾಯ್ರೆ. ಹೆಸರು ಏನಾದರೂ ಇಟ್ಟುಕೊಳ್ಳಿ. ನದಿಗೆ ಏನು ಬಿಡುತ್ತಿದ್ದೀರಿ, ಸಮುದ್ರ ಯಾಕೆ ಬಿಸಿಯಾಗುತ್ತಿದೆ, ಅದನ್ನು ಮೊದಲು ಹೇಳಿ.