ಪ್ರವಚನ ಪಕ್ಕದ ಮನೆಯವರಿಗೆ

ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಮೊದಲ ಶನಿವಾರ, ಭಾನುವಾರ ಬಂತು ಅಂದರೆ ಅಮೆರಿಕದ ಯೂಟಾದ ನಮ್ಮ ಬೀದಿ ತುಂಬಾ ಚಕ್ಕೆ, ಸಕ್ಕರೆ, ಬೆಣ್ಣೆ ಬೇಯುವ ಘಮ. ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಚರ್ಚಿನ ಜನರಲ್ ಕಾನ್ಫರೆನ್ಸ್, ಅಂದರೆ ಮುಖಂಡರು ಪ್ರವಚನ ಕೊಡುವ ಮಹಾಸಭೆ, ನಡೆಯುವ ಹೊತ್ತು ಅದು. 21,000 ಜನ ಕೂರುವ ಸಭಾಂಗಣ ಇದೆ. ಆದರೆ ಬಹಳಷ್ಟು ಭಕ್ತರು ಪೈಜಾಮಾದಲ್ಲೇ ಸೋಫಾ ಮೇಲೆ ಕೂತು, ಸಿನಮನ್ ರೋಲ್ ತಿನ್ನುತ್ತಾ ಟಿವಿಯಲ್ಲೇ ತಾವು ಪ್ರವಾದಿಗಳು ಅಂತ ನಂಬುವ ಮುಖಂಡರ ಮಾತು ಕೇಳುತ್ತಾರೆ.

ಪಕ್ಕದ ಮನೆಯವರು ಪ್ರತಿಸಲ ನನ್ನನ್ನೂ ಕರೆಯುತ್ತಾರೆ. ನಾನು ಹೋಗೋದು ರೋಲಿಗೆ, ಸುಳ್ಳು ಯಾಕೆ ಹೇಳಲಿ. ಕಾಫಿ, ಟೀ ಅವರಿಗೆ ನಿಷಿದ್ಧ, ಹಾಗಾಗಿ ಮನೆಯಲ್ಲೇ ಎರಡು ಲೋಟ ಫಿಲ್ಟರ್ ಕಾಫಿ ಇಳಿಸಿಕೊಂಡು ಹೋಗುತ್ತೇನೆ. ಕಾಫಿ ಇಲ್ಲದೆ ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಪ್ರವಚನ ಕೇಳುವವರ ಭಕ್ತಿಯನ್ನು ನಾನಂತೂ ಅನುಮಾನಿಸಲ್ಲ.

ಮಕ್ಕಳ ಕೈಯಲ್ಲಿ ಬಿಂಗೋ ಚೀಟಿ ಇರುತ್ತದೆ. ಭಾಷಣದಲ್ಲಿ 'ಪ್ರಾರ್ಥನೆ' ಅನ್ನೋ ಪದ ಬಂದರೆ ಒಂದು ಚೌಕ ತುಂಬಬೇಕು, 'ದೇವಾಲಯ' ಬಂದರೆ ಇನ್ನೊಂದು. ಒಂದು ಕಾಲಕ್ಕೆ ಲುಫ್ತಾನ್ಸಾದಲ್ಲಿ ಕ್ಯಾಪ್ಟನ್ ಆಗಿದ್ದ ಅಪೊಸ್ತಲ (ಚರ್ಚಿನ ಹಿರಿಯ ಮುಖಂಡ) ಉಕ್ಟ್‌ಡಾರ್ಫ್ ಮೈಕ್ ಮುಂದೆ ಬಂದರೆ ಮಕ್ಕಳು 'ವಿಮಾನ'ದ ಚೌಕದ ಮೇಲೆ ಬೆರಳಿಟ್ಟು ಕಾಯುತ್ತಾರೆ. ದೊಡ್ಡವರ ಚೀಟಿ ತಲೆಯೊಳಗೇ ಇದೆ. ಈ ಮಾತು ತಂಗಿಗೆ, ಇದು ಆ ಎದುರುಮನೆಯವನಿಗೆ, ಇದು ಚರ್ಚು ಬಿಟ್ಟ ಮೈದುನನಿಗೆ. ಎರಡು ದಿನ ಮುಗಿದರೂ ತಮಗೆ ಅಂತ ಒಂದು ಚೌಕವೂ ತುಂಬಿರಲ್ಲ.

2018ರ ಅಕ್ಟೋಬರ್ ಮಾತ್ರ ಬೇರೆ. ಭಾನುವಾರ ಮೂರು ಗಂಟೆ ನಡೆಯುತ್ತಿದ್ದ ಚರ್ಚು ಇನ್ನು ಎರಡೇ ಗಂಟೆ ಅಂತ ಶನಿವಾರ ಬೆಳಿಗ್ಗೆ ಘೋಷಣೆ ಆಯಿತು. ಮನೆಯ ಅಜ್ಜ ಕಟ್ಟಾ ಸಂಪ್ರದಾಯಸ್ಥರು, ಕಾಲೇಜಿಗೆ ಹೋಗುವ ಮೊಮ್ಮಗಳು ಎಲ್ಲದಕ್ಕೂ ಪ್ರಶ್ನೆ ಹಾಕುವವಳು. ಇಬ್ಬರೂ ಒಟ್ಟಿಗೆ ಸೋಫಾದಿಂದ ಎದ್ದರು. ದೇವರ ವಾಕ್ಯಕ್ಕೆ ಆ ಮನೆಯಲ್ಲಿ ಅಷ್ಟು ಒಗ್ಗಟ್ಟು ನಾನು ಆಮೇಲೆ ಕಂಡಿಲ್ಲ. ಜಾಸ್ತಿ ಜನರ ಮನಸ್ಸು ಮುಟ್ಟಿದ ಉಪದೇಶ ಯಾವುದಪ್ಪಾ ಅಂದರೆ, ಉಪದೇಶ ಒಂದು ಗಂಟೆ ಕಡಿಮೆ ಅನ್ನೋದು!

ಮರುದಿನವೇ ತಲೆನೋವು. ನಮ್ಮನ್ನು 'ಮಾರ್ಮನ್' ಅನ್ನಬೇಡಿ, ಚರ್ಚಿನ ಪೂರ್ತಿ ಹೆಸರು ಹೇಳಿ, ಅಡ್ಡಹೆಸರು ಹೇಳಿದರೆ ಸೈತಾನನಿಗೆ ದೊಡ್ಡ ಗೆಲುವು ಅಂತ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಹೇಳಿದರು. ಇದರ ಹಿಂದೊಂದು ಕಥೆ ಇದೆ. ನೆಲ್ಸನ್ ಇದನ್ನೇ 1990ರ ಏಪ್ರಿಲ್‌ನಲ್ಲೂ ಹೇಳಿದ್ದರು. ಆರು ತಿಂಗಳಾದ ಮೇಲೆ, ಚರ್ಚಿನಲ್ಲಿ ಅವರಿಗಿಂತ ಹಿರಿಯ ಮುಖಂಡರಾದ ಗಾರ್ಡನ್ ಹಿಂಕ್ಲಿ ಅದೇ ವೇದಿಕೆಯಲ್ಲಿ, ಇರಲಿ ಬಿಡಿ, ಮಾರ್ಮನ್ ಅಂದರೆ 'ಇನ್ನಷ್ಟು ಒಳ್ಳೆಯದು' ಅಂತ ಅರ್ಥ ಬರುವ ಹಾಗೆ ಬದುಕೋಣ ಅಂದುಬಿಟ್ಟರು. ನೆಲ್ಸನ್ ಸುಮ್ಮನಾದರು. 28 ವರ್ಷ ಕಾದು, ತಾವೇ ಅಧ್ಯಕ್ಷರಾಗಿ, ಮತ್ತೆ ಹೇಳಿದರು. ನಮ್ಮೂರ ಜಮೀನು ವ್ಯಾಜ್ಯ ನೆನಪಾಯಿತು. ಅಷ್ಟರಲ್ಲಿ ಚರ್ಚೇ ದುಡ್ಡು ಸುರಿದು 'ನಾನು ಮಾರ್ಮನ್' ಅಂತ ಊರೆಲ್ಲ ಜಾಹೀರಾತು ಹಾಕಿಸಿಯೂ ಆಗಿತ್ತು.

ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಾದರೆ ಬಸ್ಸು ಹೋಗಿಯಾಗಿರುತ್ತದೆ. ಅಜ್ಜ ಈಗಲೂ 'ಮಾರ್ಮ...' ಅಂತ ಶುರು ಮಾಡಿ ನುಂಗಿಕೊಳ್ಳುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹೆಂಗಸರಾದರೆ ಗಂಡನ ಹೆಸರು ಹೇಳೋಕೆ ಒಡಪನ್ನಾದರೂ ಕಟ್ಟಿಕೊಂಡಿದ್ದರು, ಪಾಪ ಇವರಿಗೆ ಅದೂ ಇಲ್ಲ.

ಆದರೆ ನನಗೆ ಮರೆಯೋಕಾಗದ್ದು 2019ರ ಅಕ್ಟೋಬರ್. ಇವರಲ್ಲಿ ದೇವಾಲಯದಲ್ಲಿ ಆದ ಮದುವೆ ಸತ್ತ ಮೇಲೂ ಮುಗಿಯಲ್ಲ. ಹೆಂಡತಿ ತೀರಿಕೊಂಡು ಗಂಡ ದೇವಾಲಯದಲ್ಲೇ ಇನ್ನೊಂದು ಮದುವೆ ಆದರೆ ಪರಲೋಕದಲ್ಲಿ ಇಬ್ಬರೂ ಖಾಯಂ. ಚರ್ಚಿನ ಹಿರಿಯ ಮುಖಂಡ ಡಾಲಿನ್ ಓಕ್ಸ್, ಹಿಂದೆ ಯೂಟಾ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದವರು, ಸ್ವತಃ ಎರಡನೇ ಮದುವೆ ಆದವರು, ಒಂದು ಪತ್ರದ ವಿಷಯ ಎತ್ತಿದರು. ಹೆಂಡತಿ ಸತ್ತವನನ್ನು ಮದುವೆಯಾಗಲು ಹೊರಟ ಒಬ್ಬಾಕೆ ಕೇಳಿದ್ದಳಂತೆ, ಅಲ್ಲಿ ನನಗೆ ಬೇರೆ ಮನೆ ಇರುತ್ತದೋ, ಇಲ್ಲಾ ಗಂಡ ಮತ್ತು ಅವನ ಮೊದಲ ಹೆಂಡತಿ ಜೊತೆಯೇ ಇರಬೇಕೋ ಅಂತ. ಸಭೆ ನಕ್ಕಿತು. ದೇವರನ್ನು ನಂಬು ಅಂತ ಹೇಳಿದೆ ಅಂದರು ಓಕ್ಸ್.

ನಮ್ಮ ಸೋಫಾದಲ್ಲಿ ಅಜ್ಜ ನಕ್ಕರು, ಮಗನೂ ನಕ್ಕ. ಸೊಸೆ ರೋಲ್ ಕೊಯ್ಯುತ್ತಿದ್ದ ಚಾಕುವನ್ನು ಟ್ರೇನಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನ ನಗು ಅರ್ಧಕ್ಕೇ ನಿಂತಿತು. ನಂಬಿಕೆಯುಳ್ಳ ಎಷ್ಟೋ ಹೆಂಗಸರು ಆಮೇಲೆ ಆ ನಗು ಚುಚ್ಚಿತು ಅಂತ ಬರೆದುಕೊಂಡರು. ಅಲ್ಲಾ, ಇದರಲ್ಲಿ ನಗುವಂಥದ್ದೇನಿದೆ? ಸವತಿ ಅನ್ನೋ ಪದ ಗೊತ್ತಿರುವ ಯಾವ ಕನ್ನಡದ ಹೆಂಗಸೂ ಅದಕ್ಕಿಂತ ನೇರವಾದ ಪ್ರಶ್ನೆ ಕೇಳೋಕೆ ಸಾಧ್ಯವಿಲ್ಲ. ಮನೆ ಎಷ್ಟು ರೂಮಿನದು, ಅಡುಗೆಮನೆ ಒಂದೋ ಎರಡೋ? ನ್ಯಾಯಮೂರ್ತಿಗಳು ತೀರ್ಪು ಕಾದಿರಿಸಿದರು, ಅಷ್ಟೇ.

2023ರ ಏಪ್ರಿಲ್‌ನಲ್ಲಿ ನೆಲ್ಸನ್ ಜಗಳ ಬಿಡಿ, ಸಮಾಧಾನ ಮಾಡುವವರಾಗಿ ಅಂದರು. ಒಳ್ಳೆಯ ಮಾತು. ಮುಗಿದ ಕೂಡಲೇ ಅಜ್ಜ ಮೊಮ್ಮಗಳ ಕಡೆ ತಿರುಗಿ 'ಕೇಳಿಸಿಕೊಂಡೆಯಾ?' ಅಂದರು. ಅವಳು 'ಅದು ನಿಮಗೇ ತಾತ' ಅಂದಳು. ಸಮಾಧಾನದ ಪ್ರವಚನ ಯಾರಿಗೆ ಅಂತ ಮಧ್ಯಾಹ್ನದವರೆಗೆ ಜಗಳ. ಸಮಾಧಾನ ಮಾಡಿದ್ದು ಕೊನೆಗೆ ನಾನು, ಅದೂ ಮಾರ್ಮನ್ ಅಲ್ಲದವನು. (ಪದಕ್ಕೆ ಕ್ಷಮೆ ಇರಲಿ.)

ಈ ಸಭೆಯಲ್ಲಿ ಚಪ್ಪಾಳೆ ಹೊಡೆಯಲ್ಲ. ಏನಿದ್ದರೂ ಉಸಿರಿನಲ್ಲೇ. ಪ್ರತಿ ಸಭೆಯ ಕೊನೆಯ ಭಾಷಣದಲ್ಲಿ ನೆಲ್ಸನ್ ಹೊಸ ದೇವಾಲಯ ಯಾವ್ಯಾವ ಊರಿಗೆ ಅಂತ ಓದುವಾಗ ಜನ ಪರೀಕ್ಷೆ ಫಲಿತಾಂಶದ ಹಾಗೆ ಕಾಯುತ್ತಿದ್ದರು. ನಾನು ಇಲ್ಲಿಗೆ ಬರುವ ಕೆಲವೇ ತಿಂಗಳ ಮೊದಲು, 2018ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಹೆಸರು ಬಂದಾಗ ಸಭಾಂಗಣವೇ 'ಹಾ' ಅಂತ ಉಸಿರು ಎಳೆದುಕೊಂಡಿತ್ತಂತೆ. ಅಜ್ಜ ಅದನ್ನು ಇವತ್ತಿಗೂ ನನ್ನ ಸಾಧನೆ ಅನ್ನೋ ಹಾಗೆ ಹೇಳುತ್ತಾರೆ. ಬೆಂಗಳೂರು ಅಂದ ಕೂಡಲೇ ಉಸಿರು ಕಟ್ಟೋದು ನಮಗೆ ಹೊಸದಲ್ಲ ತಾತ, ದಿನಾ ಸಿಲ್ಕ್ ಬೋರ್ಡ್‌ನಲ್ಲಿ ಆಗುತ್ತೆ ಅಂದೆ. ಅವರಿಗೆ ಅರ್ಥ ಆಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ, ನೆಲ್ಸನ್ ತೀರಿಕೊಂಡ ಮರುವಾರ, ಕೊನೆಯ ಭಾಷಣ ಮಾಡಿದ ಓಕ್ಸ್ ಒಂದು ಊರಿನ ಹೆಸರನ್ನೂ ಓದಲಿಲ್ಲ. ಅಜ್ಜ ಕನ್ನಡಕ ತೆಗೆದು ಒರೆಸಿ, ಟಿವಿ ಕೆಟ್ಟಿದೆಯೇನೋ ಅನ್ನೋ ಹಾಗೆ ನೋಡಿದರು.

ಇನ್ನು ಕೈ ಎತ್ತುವ ಶಾಸ್ತ್ರ. ಮುಖಂಡರ ಹೆಸರು ಓದಿ 'ಒಪ್ಪಿಗೆ ಇದ್ದವರು?' ಅಂದರೆ ಎಲ್ಲರೂ ಬಲಗೈ ಎತ್ತಬೇಕು, ಸೋಫಾದಲ್ಲಿ ಕೂತವರೂ. ಆಮೇಲೆ 'ವಿರೋಧ ಇದ್ದವರು?' ಅಂತ ಕೇಳುತ್ತಾರೆ. 2015ರಲ್ಲಿ ಕೆಲವರು ಸಭಾಂಗಣದಲ್ಲೇ ಎದ್ದು ವಿರೋಧ ಅಂತ ಕೂಗಿದ್ದರು, ದಾಖಲಾಗಿದೆ ಅಂತ ವೇದಿಕೆಯಿಂದ ಉತ್ತರ ಬಂದಿತ್ತು. ನಮ್ಮ ಸೋಫಾದಲ್ಲಿ ಅಂಥದ್ದು ನಡೆದಿರಲಿಲ್ಲ. ಒಂದು ಸಲ 'ವಿರೋಧ ಇದ್ದವರು?' ಅಂದಾಗ ಮನೆಯ ಚಿಕ್ಕ ಹುಡುಗ, ಬೆರಳಲ್ಲೆಲ್ಲ ಸಕ್ಕರೆ ಪಾಕ, ಕೈ ಎತ್ತಿಬಿಟ್ಟ. ಎಲ್ಲರೂ ಗಪ್‌ಚಿಪ್. ಅಜ್ಜ ರಿಮೋಟ್ ಎತ್ತಿಕೊಂಡು ಟಿವಿ ಸದ್ದು ತಗ್ಗಿಸಿದರು. ಅಕ್ಕ ಖುಷಿಯಿಂದ ತಮ್ಮನ ಬೆನ್ನು ತಟ್ಟಿದಳು.

ಅವನಿಗೆ ಬಾತ್‌ರೂಮಿಗೆ ಹೋಗಬೇಕಿತ್ತಂತೆ.