ಮೆತ್ತನೆ ಟ್ಯೂಬು, ಎನ್‌ಐಸಿಯು ಮಗು ಮತ್ತು ಒಂದು ತಪ್ಪಿದ ಲೆಕ್ಕ

ಪಿವಿಸಿ ಅನ್ನೋದು ಮೂಲದಲ್ಲಿ ಗಟ್ಟಿ ಪ್ಲಾಸ್ಟಿಕ್ಕು. ಡ್ರಿಪ್ ಬ್ಯಾಗು, ರಕ್ತದ ಬ್ಯಾಗು ಅಷ್ಟು ಮೆತ್ತಗಿರೋದು ಅದರೊಳಗೆ ಸೇರಿಸಿರೋ ಡಿಇಎಚ್‌ಪಿ ಅನ್ನೋ ಎಣ್ಣೆಯಂಥ ಕೆಮಿಕಲ್‌ನಿಂದ, ಬ್ಯಾಗಿನ ತೂಕದಲ್ಲಿ ಶೇ 30-40ರಷ್ಟು ಅದೇ ಇರುತ್ತೆ. ಅದು ಪ್ಲಾಸ್ಟಿಕ್ ಜೊತೆ ಬೆಸೆದುಕೊಂಡಿರಲ್ಲ, ಹಾಗಾಗಿ ಹೊರಗೆ ಬರುತ್ತೆ. ಬರೀ ಸಲೈನ್ ಆದ್ರೆ ತೀರಾ ಕಮ್ಮಿ, ಆದ್ರೆ ರಕ್ತ ಅಥವಾ ನರಕ್ಕೆ ಕೊಡೋ ಹಾಲಿನಂಥ ಕೊಬ್ಬಿನ ಎಮಲ್ಷನ್ ಹರಿದ್ರೆ ಅದು ಚೆನ್ನಾಗೇ ಬಿಟ್ಕೊಳ್ಳುತ್ತೆ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕ್ಯಾನ್ಸರ್ ಔಷಧಿನ ಮೆತ್ತನೆ ಪಿವಿಸಿಗೆ ತಾಗಿಸಬೇಡಿ ಅಂತ ಔಷಧಿ ಜೊತೆ ಬರೋ ಮಾಹಿತಿಯಲ್ಲೇ ಇರೋದು ಇದಕ್ಕೇನೆ.

ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಡಿಇಎಚ್‌ಪಿಯಿಂದ ಗಂಡುಮರಿಗಳ ವೃಷಣದ ಬೆಳವಣಿಗೆ ಕೆಟ್ಟಿದೆ. ಅದಕ್ಕೆ 2002ರಲ್ಲೇ ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಂಡು ನವಜಾತ ಶಿಶುಗಳಿಗೆ ಸಾಧ್ಯ ಇದ್ದ ಕಡೆ ಬೇರೆ ಸಾಮಗ್ರಿ ಬಳಸಿ ಅಂತ ಹೇಳ್ತು, ಜೊತೆಗೆ ಬೇಕಾದ ಚಿಕಿತ್ಸೆನ ಈ ಭಯಕ್ಕೆ ಬಿಡಬೇಡಿ ಅಂತಾನೂ ಹೇಳ್ತು. ಎರಡೂ ಸರಿ, ದಯವಿಟ್ಟು ಯಾರೂ ಇದನ್ನ ಓದಿ ಡ್ರಿಪ್ ಬೇಡ ಅನ್ನಬೇಡಿ.

ನನ್ನ ತಕರಾರು ಟೆಸ್ಟಿಂಗ್ ಬಗ್ಗೆ. ವೈದ್ಯಕೀಯ ಸಾಧನ ದೇಹಕ್ಕೆ ಸುರಕ್ಷಿತವಾ ಅಂತ ನೋಡೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10993 ಪ್ರಕಾರ ಡಿವೈಸ್‌ನ, ಅಂದ್ರೆ ಆ ಸಾಧನದ, ತುಂಡನ್ನ ದ್ರಾವಕದಲ್ಲಿ ಮುಳುಗಿಸಿ, ಉದಾಹರಣೆಗೆ 50 ಡಿಗ್ರಿಯಲ್ಲಿ 72 ಗಂಟೆ ಇಟ್ಟು, ಏನೇನು ಹೊರಬಂತು ಅಂತ ಜಿಸಿ-ಎಂಎಸ್, ಎಲ್‌ಸಿ-ಎಂಎಸ್ ಅನ್ನೋ, ಕೆಮಿಕಲ್‌ಗಳನ್ನ ಬೇರ್ಪಡಿಸಿ ಗುರುತಿಸೋ ಯಂತ್ರಗಳಲ್ಲಿ ನೋಡ್ತಾರೆ, ಆಮೇಲೆ ದೇಹ ತಡ್ಕೊಳ್ಳೋ ಮಿತಿ ಜೊತೆ ಹೋಲಿಸ್ತಾರೆ. ಒಳ್ಳೇ ಕೆಲಸಾನೇ, ಆದ್ರೆ ಲೆಕ್ಕ ನಡೆಯೋದು ಒಂದೊಂದು ಡಿವೈಸ್‌ಗೆ. ಎನ್‌ಐಸಿಯು, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರೋ ಒಂದು ಕೆಜಿ ಮಗೂಗೆ ಉಸಿರಿನ ಟ್ಯೂಬು, ಮೂಗಿನ ಫೀಡಿಂಗ್ ಟ್ಯೂಬು, ಡ್ರಿಪ್ ಲೈನು, ಮಧ್ಯೆ ಮಧ್ಯೆ ರಕ್ತ, ಎಲ್ಲಾ ಒಟ್ಟಿಗೆ, ವಾರಗಟ್ಟಲೆ. ಒಟ್ಟಿಗೆ ಬಳಸೋದಕ್ಕೆ ಒಂದು ಅಂದಾಜು ಅಂಕಿ ಹಾಕ್ತಾರೆ ನಿಜ, ಆದ್ರೆ ಆ ಮಗುವಿನ ಕೆಜಿಗೆ ಒಟ್ಟು ಎಷ್ಟು ಸೇರ್ತು ಅನ್ನೋದನ್ನ ಯಾವ ಒಂದು ಕಂಪನಿಯ ಫೈಲಿನಲ್ಲೂ ನೋಡೋಕಾಗಲ್ಲ, ಯಾಕಂದ್ರೆ ಒಂದೊಂದು ಟ್ಯೂಬು ಒಂದೊಂದು ಕಂಪನೀದು. ನನಗೆ ಇದು ಒಪ್ಪೋಕೇ ಆಗಲ್ಲ.

ರಕ್ತದ ಬ್ಯಾಗಿನ ವಿಷಯ ಸ್ವಲ್ಪ ಬೇರೆ, ಅಲ್ಲಿ ಡಿಇಎಚ್‌ಪಿ ಕೆಂಪು ರಕ್ತಕಣ ಒಡೀದ ಹಾಗೆ ಕಾಪಾಡುತ್ತೆ, ದಿಢೀರ್ ಅಂತ ತೆಗೆಯೋಕಾಗಲ್ಲ. ಆದ್ರೆ ಶಿಶು ವಾರ್ಡಿನ ಟ್ಯೂಬುಗಳಿಗೆ ಆ ಕಾರಣ ಇಲ್ಲ. ಫ್ರಾನ್ಸ್ 2015ರಲ್ಲೇ ಮಕ್ಕಳ ಮತ್ತು ಹೆರಿಗೆ ವಾರ್ಡುಗಳಲ್ಲಿ ಡಿಇಎಚ್‌ಪಿ ಟ್ಯೂಬುಗಳನ್ನ ನಿಷೇಧಿಸ್ತು. ಡಿಇಎಚ್‌ಪಿ ಬದಲು ಟಿಒಟಿಎಂ ಅನ್ನೋ ಇನ್ನೊಂದು ಮೆತ್ತಗಾಗಿಸೋ ಕೆಮಿಕಲ್ ಹಾಕಿದ ಟ್ಯೂಬು ಇದೆ, ಪಿವಿಸಿನೇ ಇಲ್ಲದ್ದೂ ಇದೆ, ಆಸ್ಪತ್ರೆಗಳು ಮೊದಲು ಎನ್‌ಐಸಿಯುಗೆ ಅದನ್ನೇ ಆರ್ಡರ್ ಮಾಡಲಿ, ಒಳಗೆ ಯಾವ ಪ್ಲಾಸ್ಟಿಸೈಜರ್ (ಮೆತ್ತಗಾಗಿಸೋ ಕೆಮಿಕಲ್) ಇದೆ ಅಂತ ಪ್ರತಿ ಪ್ಯಾಕೆಟ್ ಮೇಲೂ ಬರೀಲಿ.