ಬಟ್ಟಲಲ್ಲಿ ನೆನೆದ ಸರ್ ಎಂ.ವಿ.

ಸ್ಟ್ಯಾಂಪ್ ಸಂಗ್ರಹದ ಹುಚ್ಚು ಶುರುವಾಗುವುದು ಆಲ್ಬಮ್ಮಿನಿಂದಲ್ಲ, ಅಡುಗೆಮನೆಯಿಂದ ಹೇಳದೆ ಕೇಳದೆ ಎತ್ತಿಕೊಂಡ ಬಟ್ಟಲಿನಿಂದ. ಅಜ್ಜನ ಟ್ರಂಕಿನ ಹಳೇ ಕಾಗದಗಳ ನಡುವೆ ಮೈಸೂರು ಪೇಟದ ವಿಶ್ವೇಶ್ವರಯ್ಯನವರು ಸಿಕ್ಕರು ಅನ್ನಿ. ಹದಿನೈದು ನಯಾ ಪೈಸೆಯ ಸ್ಟ್ಯಾಂಪು, 1960ರ ಸೆಪ್ಟೆಂಬರ್ 15ರಂದು ಹೊರಬಂದದ್ದು. ಮಕ್ಕಳು ಮೊದಲು ಮಾಡುವ ಕೆಲಸ ಉಗುರಿನಿಂದ ಮೂಲೆ ಕೆರೆದು ಎಳೆಯುವುದು. ಪೇಟ ಕೈಗೆ ಬರುತ್ತದೆ, ಮುಖ ಲಕೋಟೆಯಲ್ಲೇ ಉಳಿಯುತ್ತದೆ.

ಸ್ಟ್ಯಾಂಪಿನ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಬೇಕು. ಅಂಚಿಗೇ ಕತ್ತರಿ ಹಾಕಿದರೆ ಹಲ್ಲುಗಳು ಹೋಗಿ ಬೊಚ್ಚುಬಾಯಾಗುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಟ್ಟರೆ ಅಂಟು ತಾನಾಗಿ ಕರಗುತ್ತದೆ. ಬೇಗ ಆಗಲೆಂದು ಕುದಿಯುವ ನೀರು ಸುರಿದರೆ ಬಣ್ಣವೂ ಕರಗೀತು. ಬಿಡಿಸುವಾಗ ಕಾಗದವನ್ನು ಸ್ಟ್ಯಾಂಪಿನಿಂದ ಸರಿಸಬೇಕೇ ಹೊರತು ಸ್ಟ್ಯಾಂಪನ್ನು ಕಾಗದದಿಂದ ಎಳೆಯಬಾರದು. ಒದ್ದೆ ಸ್ಟ್ಯಾಂಪು ನೆನೆದ ಹಪ್ಪಳದಷ್ಟೇ ಗಟ್ಟಿ.

ಮದುವೆ ಕಾಗದದ ಲಕೋಟೆಗಳದ್ದು ಬೇರೆಯೇ ಗೋಳು. ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು ನಮ್ಮ ಪದ್ಧತಿ, ಬಲಮೂಲೆಯಲ್ಲಿ ಸ್ಟ್ಯಾಂಪು ಹಚ್ಚುವುದು ಅಂಚೆಯವರ ಪದ್ಧತಿ. ಇಂಥದ್ದನ್ನು ಬೇರೆಯವುಗಳ ಜೊತೆ ನೆನೆಹಾಕಿದರೆ ಬಟ್ಟಲಲ್ಲಿದ್ದ ಗಾಂಧಿ, ಟ್ಯಾಗೋರ್ ಎಲ್ಲರಿಗೂ ಅರಿಶಿನ ಶಾಸ್ತ್ರ! ಆ ಕಲೆ ಹೋಗುವ ಮಾತೇ ಇಲ್ಲ. ಕೆಂಪು ಲಕೋಟೆಯೂ ಅಷ್ಟೇ ಅಪಾಯಕಾರಿ. ಎರಡಕ್ಕೂ ಪ್ರತ್ಯೇಕ ಬಟ್ಟಲು ಬೇಕು. ಅಂದರೆ ಎರಡನೇ ಕಳ್ಳತನ.

ಒಣಗಿಸಲು ದಿನಪತ್ರಿಕೆ ಬೇಡ, ಹಿಂದೆ ಉಳಿದ ಅಂಟು ಸುದ್ದಿಯನ್ನೂ ಕಚ್ಚಿಕೊಂಡು ಬರುತ್ತದೆ. ಬಿಳಿ ಬ್ಲಾಟಿಂಗ್ ಪೇಪರ್ ಒಳ್ಳೆಯದು. ಆಲ್ಬಮ್ಮಿಗೆ ಅನ್ನದ ಅಗುಳಲ್ಲಿ ಅಂಟಿಸುವವರು ಜಿರಲೆಗೆ ಊಟ ಬಡಿಸಿದಂತೆ. ಹಿಂಜ್ ಎಂಬ ಪುಟ್ಟ ಕಾಗದದ ಪಟ್ಟಿಯನ್ನು ಮಡಚಿ, ತುದಿ ಚೂರೇ ಚೂರು ಒದ್ದೆ ಮಾಡಿ ಹಚ್ಚಿದರೆ ಸಾಕು.

ಇಷ್ಟು ಹೊತ್ತು ಒಂದೇ ಮುಖ ನೋಡಿದ ಮೇಲೆ ಸಂಶಯಗಳು ಏಳುತ್ತವೆ. ಸ್ಟ್ಯಾಂಪಿಗೆ ಬರಬೇಕಾದರೆ ಸತ್ತಿರಬೇಕಲ್ಲವೇ? ಇವರು ಹೋದದ್ದು 1962ರ ಏಪ್ರಿಲ್‌ನಲ್ಲಿ! 1958ರಲ್ಲಿ, ಹೆಣ್ಣುಮಕ್ಕಳ ಓದಿಗಾಗಿ ದುಡಿದ ಮಹರ್ಷಿ ಕರ್ವೆಯವರಿಗೂ ಬದುಕಿದ್ದಾಗಲೇ ಸ್ಟ್ಯಾಂಪು ಬಂದಿತ್ತು. ತನ್ನ ಮೂತಿಗೆ ಅಂಚೆಯವರು ಮೊಹರು ಕುಟ್ಟುವುದನ್ನು ಕಣ್ಣಾರೆ ನೋಡುವ ಯೋಗ ಎಲ್ಲರಿಗೂ ಬರುತ್ತದೆಯೇ? ಇನ್ನು, ಇದು ಜನ್ಮಶತಾಬ್ದಿಯ ಸ್ಟ್ಯಾಂಪು. ಬಹುಪಾಲು ಪುಸ್ತಕಗಳಲ್ಲಿ ಜನನ 1861, ಕೆಲವದರಲ್ಲಿ 1860. ಲೆಕ್ಕದಲ್ಲಿ ಇಂಚು ಬಿಡದ ಇಂಜಿನಿಯರ ಹುಟ್ಟಿದ ವರ್ಷಕ್ಕೇ ಗೊಂದಲ ಅಂದಮೇಲೆ ಯಾವ ಹುಡುಗ ಪುಸ್ತಕ ಮುಚ್ಚಿಟ್ಟಾನು?

ಅಲ್ಲಿಂದ ಮುಂದೆ ಗೀಳು. ಅವರ ಹುಟ್ಟುಹಬ್ಬ ಸೆಪ್ಟೆಂಬರ್ 15ಕ್ಕೆ ವಾಟ್ಸಾಪಿನಲ್ಲಿ, ಸರ್ಕಾರಿ ಮೇಣದಬತ್ತಿಯನ್ನು ಸ್ವಂತ ಕೆಲಸಕ್ಕೆ ಉರಿಸದ ಕಥೆ ಹರಿದಾಡುತ್ತದೆ, ಯಾರೂ ಅವರ ಅಣೆಕಟ್ಟಿನ ಗೇಟುಗಳ ತನಕ ಬರುವುದಿಲ್ಲ. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಲ್ಲಿ ಅವರು ಕೂರಿಸಿದ ಗೇಟುಗಳು, ನೀರು ಗೊತ್ತಾದ ಮಟ್ಟ ದಾಟಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚುವಂಥವು. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯ. ನನ್ನ ಪ್ರಕಾರ ಅದು ಹತ್ತು ಮೇಣದಬತ್ತಿಗೆ ಸಮ.

ಇಂಥ ಗೀಳಿನವರ ಜೊತೆ ಕೆ.ಆರ್.ಎಸ್.ಗೆ ಹೋಗುವ ಸಂಸಾರಕ್ಕೆ ದೇವರೇ ಗತಿ. ಎಲ್ಲರೂ ಬೃಂದಾವನದ ಕಾರಂಜಿಗೆ ಜಾಗ ಹಿಡಿಯಲು ಓಡುತ್ತಿದ್ದರೆ ಇವರು ಕಟ್ಟೆ ಕಂಡಲ್ಲೇ ನಿಂತು, ಇಟ್ಟಿಗೆ ಪುಡಿಗೆ ಸುಣ್ಣ ಕಲಸಿದ ಸುರ್ಕಿ ಗಾರೆಯ ಬಗ್ಗೆ ಪಾಠ ಶುರುಮಾಡುತ್ತಾರೆ. "ರೀ, ಆ ಗಾರೆ ನೂರು ವರ್ಷದಿಂದ ಅಲ್ಲೇ ಇದೆ, ನಾಳೆಯೂ ಇರುತ್ತೆ, ಕಾರಂಜಿ ಮುಗಿದುಹೋಗುತ್ತೆ ಬನ್ನಿ!"